ಕೊಂಡಾಟ : ಮನೆಮಾತಿನೊಳಗಿನ ಭಕ್ತಿಲಕ್ಷಣ



ಪುತ್ತೂರು, ಸುಳ್ಯ ಮತ್ತು ಈ ಎರಡು ತಾಲೂಕುಗಳ ಗ್ರಾಮಗಳಿಂದ ಇತ್ತೀಚಿನ ವರ್ಷಗಳಲ್ಲಿ ರೂಪುಗೊಂಡ ಕಡಬ, ಈ ಮೂರೂ ಕಡೆಯ ಮನೆಗಳಲ್ಲಿ ದಿನಕ್ಕೆ ಹತ್ತು ಬಾರಿ ಕೇಳಿಬರುವ ಶಬ್ದವೊಂದಿದೆ. ಪ್ರವಚನದ ಪೀಠದಿಂದ ಮಾತ್ರ ಅದು ಕೇಳಿಬರುವುದು ಬಹು ಅಪರೂಪ. ಪೀಠದಲ್ಲಿ ಕುಳಿತೊಡನೆ ನಾವೆಲ್ಲರೂ ಪ್ರೇಮ, ಅನುರಾಗ, ವಾತ್ಸಲ್ಯ ಮುಂತಾದ ಸಂಸ್ಕೃತ ಶಬ್ದಗಳನ್ನು ಹುಡುಕತೊಡಗುತ್ತೇವೆ. ಕೇಳುವ ತಾಯಂದಿರು ತಲೆದೂಗುತ್ತಾರೆ. ಆದರೆ ಮನೆಗೆ ಹೋಗಿ ಮೊಮ್ಮಗುವನ್ನು ಎತ್ತಿಕೊಂಡಾಗ ಅವರ ಬಾಯಿಗೆ ಬರುವ ಮಾತು ಬೇರೆಯೇ ಆಗಿರುತ್ತದೆ. ಆ ಮಾತೇ ಕೊಂಡಾಟ. ಕೃಷ್ಣಾಷ್ಟಮಿಯ ನಿಮಿತ್ತ ಬರೆಯುವ ಈ ಲೇಖನದಲ್ಲಿ ಅದರ ಅರ್ಥವನ್ನೂ, ನಮ್ಮ ಸಿದ್ಧಾಂತದಲ್ಲಿ ಅದಕ್ಕಿರುವ ಸ್ಥಾನವನ್ನೂ ಯಥಾಮತಿ ವಿಚಾರಿಸುವುದು ನಮ್ಮ ಉದ್ದೇಶವಾಗಿದೆ.

ನಮ್ಮ ಸೀಮೆ ಭಾಷೆಗಳ ಸಂತೆ. ಶಿವಳ್ಳಿಯವರ ತುಳು ಒಂದು ಬಗೆ, ಇತರ ಸಮಾಜದವರ ತುಳು ಇನ್ನೊಂದು ಬಗೆ. ಹವ್ಯಕರ ಕನ್ನಡ, ಸುಳ್ಯದ ಕಡೆಯ ಗೌಡ ಬಾಂಧವರ ಅರೆಭಾಷೆ, ಕೊಂಕಣಿ, ಮರಾಠಿಯ ಪ್ರಭೇದಗಳು, ಬ್ಯಾರಿ, ಗಡಿಯ ಈಚೆಗೂ ಹಬ್ಬಿದ ಮಲೆಯಾಳ, ಇವೆಲ್ಲವೂ ಒಂದೇ ಬಸ್ಸಿನಲ್ಲಿ ಕೇಳಿಸುವ ಊರುಗಳು ಇವು. ಇಷ್ಟು ಭಾಷೆಗಳ ನಡುವೆ ಕೆಲವು ಶಬ್ದಗಳು ಯಾರ ಸೊತ್ತೆಂದು ಹೇಳಲಾಗದಂತೆ ಎಲ್ಲರ ಅಂಗಳದಲ್ಲೂ ಓಡಾಡುತ್ತವೆ. ತುಳುವಿನಲ್ಲಿ ‘ಬಾಲೆನ್ ಕೊಂಡಾಟ ಮಲ್ಪುನಿ’ ಎಂದರೂ, ಹವ್ಯಕರ ಮನೆಯಲ್ಲಿ ‘ಅಜ್ಜಿಗೆ ಪುಳ್ಳಿಯ ಕೊಂಡಾಟ’ ಎಂದರೂ, ಪೇಟೆಯ ಕನ್ನಡದಲ್ಲಿ ‘ಮಗುವನ್ನು ಕೊಂಡಾಟ ಮಾಡುವುದು’ ಎಂದರೂ ಅರ್ಥ ಒಂದೇ: ಎತ್ತಿ ಮುದ್ದಿಸುವುದು, ಮಾತನಾಡಿಸುವುದು, ಅಕ್ಕರೆಯನ್ನು ಮೈಯಿಂದಲೂ ಬಾಯಿಯಿಂದಲೂ ತೋರಿಸುವುದು.

ಈ ಶಬ್ದದ ನಿತ್ಯದ ಬಳಕೆಯನ್ನು ಸ್ವಲ್ಪ ಗಮನಿಸೋಣ. ಜಾತಕದಲ್ಲಿ ವಾಸುದೇವನೆಂದು ಬರೆದಿರುವ ಮಗು ಮನೆಯಲ್ಲಿ ಅಪ್ಪು ಆಗಿರುತ್ತದೆ. ಅದು ಕೊಂಡಾಟದ ಹೆಸರು. ಹಟ್ಟಿಯಲ್ಲಿ ನಾಲ್ಕು ಕರುಗಳಿದ್ದರೂ ಒಂದು ಮಾತ್ರ ಅಡಿಗೆಮನೆಯ ಬಾಗಿಲಿಗೆ ಬಂದು ದೋಸೆ ಕೇಳುತ್ತದೆ. ಅದು ಕೊಂಡಾಟದ ಕರು. ಸಂತೋಷಕ್ಕೆ ಮಾತ್ರ ಈ ಶಬ್ದ ಮೀಸಲೆಂದು ತಿಳಿಯಬಾರದು. ಹುಡುಗ ಪರೀಕ್ಷೆಯಲ್ಲಿ ತಪ್ಪಿದರೆ ‘ಎಲ್ಲಾ ಅಜ್ಜಿಯ ಕೊಂಡಾಟದ ಫಲ’ ಎಂದು ತಂದೆ ಗದರುತ್ತಾನೆ. ಮುನಿಸಿಕೊಂಡವರು ‘ನಿಮ್ಮ ಕೊಂಡಾಟ ನಮಗೆ ಬೇಡ’ ಎಂದು ಮುಖ ತಿರುಗಿಸುತ್ತಾರೆ. ಹೀಗೆ ಒಂದೇ ಮಾತು ಸಿಹಿಯಾಗಿಯೂ, ಬೈಗುಳಾಗಿಯೂ, ವ್ಯಂಗ್ಯವಾಗಿಯೂ ಬಳಕೆಯಲ್ಲಿರುವುದು ಅದಕ್ಕೆ ಮನೆಯೊಳಗೆ ಎಷ್ಟು ಸಲಿಗೆ ಇದೆ ಎಂಬುದನ್ನು ತೋರಿಸುತ್ತದೆ.

ತುಳುವಿನಲ್ಲಿ ಪ್ರೀತಿಗೆ ‘ಮೋಕೆ’ ಎಂಬ ಇನ್ನೊಂದು ಸೊಗಸಾದ ಮಾತು ಇದೆಯಷ್ಟೆ. ಮೋಕೆಗೂ ಕೊಂಡಾಟಕ್ಕೂ ಒಂದು ಭೇದವಿದೆಯೆಂದು ನಮ್ಮ ಎಣಿಕೆ. ಮೋಕೆ ಹೃದಯದ ಸ್ಥಿತಿ. ಅದು ಒಳಗೇ ಇದ್ದೀತು. ‘ಮೋಕೆ ಉಂಟು, ತೋರಿಸಿಕೊಳ್ಳುವುದಿಲ್ಲ’ ಎಂದು ಹೇಳುವ ತಂದೆಯನ್ನು ನಾವು ನಂಬಬಹುದು. ಆದರೆ ‘ನಾನು ಮನಸ್ಸಿನಲ್ಲೇ ಕೊಂಡಾಟ ಮಾಡುತ್ತೇನೆ’ ಎಂದು ಯಾರಾದರೂ ಹೇಳಿದರೆ ಕೇಳಿದವರು ನಗುತ್ತಾರೆ. ಕೊಂಡಾಟವೆಂಬುದು ಕ್ರಿಯೆ. ಕೈ, ತೊಡೆ, ಸ್ವರ ಇವಿಲ್ಲದೆ ಅದು ನಡೆಯದು. ಈ ಭೇದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಇದರಿಂದ ಪ್ರಯೋಜನವಿದೆ.

ಇನ್ನು ಶಬ್ದದ ಹುಟ್ಟನ್ನು ನೋಡೋಣ. ಬಿ. ಎ. ತರಗತಿಯಲ್ಲಿ ನಮಗೆ ಕನ್ನಡ ಬೋಧಿಸಿದ ಅಧ್ಯಾಪಕರು ಶಬ್ದಗಳನ್ನು ತೆಂಗಿನಕಾಯಿಯಂತೆ ಒಡೆದು ತೋರಿಸುತ್ತಿದ್ದರು. ‘ಕೊಳ್’ ಧಾತುವಿನಿಂದ ‘ಕೊಂಡು’, ಅದಕ್ಕೆ ‘ಆಡು’ ಸೇರಿ ‘ಕೊಂಡಾಡು’. ಗ್ರಂಥಸ್ಥ ಕನ್ನಡದಲ್ಲಿ ಕೊಂಡಾಡುವುದೆಂದರೆ ಸ್ತುತಿಸುವುದು, ಹೊಗಳುವುದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಮಹಾಶಯರ ನಿಘಂಟಿನಲ್ಲಿಯೂ ಈ ಅರ್ಥವೇ ಸಿಕ್ಕುತ್ತದೆ. ಹರಿದಾಸರು ಹರಿಯನ್ನು ಕೊಂಡಾಡಿದರು ಎಂದರೆ ಹರಿಯ ಮಹಿಮೆಯನ್ನು ಹಾಡಿದರು ಎಂದೇ ಅರ್ಥ. ಘಟ್ಟದ ಮೇಲಿನವರು ನಮ್ಮ ಊರಿಗೆ ಬಂದು ‘ಅಜ್ಜಿ ಮಗುವನ್ನು ಕೊಂಡಾಟ ಮಾಡುತ್ತಿದ್ದಾರೆ’ ಎಂಬ ಮಾತನ್ನು ಕೇಳಿದರೆ, ಅಜ್ಜಿ ಮಗುವಿನ ಮೇಲೆ ಸ್ತೋತ್ರ ರಚಿಸುತ್ತಿದ್ದಾರೆಂದು ಭಾವಿಸುವ ಸಂಭವವುಂಟು! ತಮಿಳಿನಲ್ಲಿ ಇದೇ ಶಬ್ದಕ್ಕೆ ಹಬ್ಬವನ್ನು ಆಚರಿಸುವುದು, ಉತ್ಸವಪಡುವುದು ಎಂಬ ಅರ್ಥ. ಕೇರಳಕ್ಕೆ ಹೋಗಿ ಊಟಕ್ಕೆ ಕುಳಿತರೆ ಎಲೆಯ ತುದಿಗೆ ‘ಕೊಂಡಾಟ್ಟಂ’ ಎಂದು ಬಡಿಸುತ್ತಾರೆ. ಅದು ನಮ್ಮ ಬಾಳಕದ ಮೆಣಸಿನ ಹಾಗೆ ಬಿಸಿಲಿನಲ್ಲಿ ಒಣಗಿಸಿ ಎಣ್ಣೆಯಲ್ಲಿ ಹುರಿದ ಪದಾರ್ಥ. ಅದಕ್ಕೆ ಆ ಹೆಸರೇಕೆ ಬಂದಿತೆಂಬ ವಿಚಾರವನ್ನು ಊಟ ಮಾಡುವವರಿಗೇ ಬಿಡೋಣ.

ಒಂದು ನಾಡಿನಲ್ಲಿ ಸ್ತುತಿ, ಇನ್ನೊಂದರಲ್ಲಿ ಉತ್ಸವ, ನಮ್ಮಲ್ಲಿ ಮುದ್ದು. ಈ ಮೂರು ಅರ್ಥಗಳೂ ಒಂದೇ ಕಡೆ ಕೂಡಿಬರುವುದನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಏಪ್ರಿಲ್ ತಿಂಗಳಿನಲ್ಲಿ ಪುತ್ತೂರಿಗೆ ಬಂದರೆ ಸಾಕು. ಶ್ರೀ ಮಹಾಲಿಂಗೇಶ್ವರ ದೇವರ ಜಾತ್ರೆಯಲ್ಲಿ, 17ರ ಬ್ರಹ್ಮರಥೋತ್ಸವಕ್ಕೆ ಸೇರುವ ಜನಸಮೂಹವನ್ನು ಎಲ್ಲರೂ ಬಲ್ಲರು. ರಥಕ್ಕಿಂತ ಮೊದಲಿನ ದಿನಗಳ ಬಲಿ ಉತ್ಸವ, ಪೇಟೆ ಸವಾರಿ, ಕಟ್ಟೆಪೂಜೆಗಳನ್ನು ನೋಡಿದವರಿಗೆ ನಾವು ಹೇಳುವ ಮಾತು ಸುಲಭವಾಗಿ ತಿಳಿದೀತು. ನಮ್ಮ ಕರಾವಳಿಯ ದೇವಾಲಯಗಳಲ್ಲಿ ಉತ್ಸವದ ಬಲಿಮೂರ್ತಿಯನ್ನು ಬ್ರಾಹ್ಮಣನು ತಲೆಯ ಮೇಲೆ ಹೊತ್ತು, ಚೆಂಡೆ ವಾದ್ಯಗಳ ಗತಿಗೆ ಸರಿಯಾಗಿ ಹೆಜ್ಜೆಯಿಟ್ಟು ಅಂಗಣವನ್ನು ಸುತ್ತುತ್ತಾನೆ. ಮೊದಲಿನ ಸುತ್ತುಗಳಲ್ಲಿ ನಡೆ ನಿಧಾನ. ಚೆಂಡೆಯ ಕಾಲ ಏರುತ್ತಿದ್ದಂತೆ ಹೆಜ್ಜೆಗಳೂ ಬಿರುಸಾಗಿ, ಕೊನೆಗೆ ದೇವರೇ ಕುಣಿಯುತ್ತಿದ್ದಾರೋ ಹೊತ್ತವನೇ ಕುಣಿಯುತ್ತಿದ್ದಾನೋ ಎಂದು ತಿಳಿಯದಂತಾಗುತ್ತದೆ. ದೇವರನ್ನು ‘ಕೊಂಡು’, ‘ಆಡುವುದು’. ಶಬ್ದವು ಅಕ್ಷರಶಃ ಕಣ್ಣೆದುರು ನಡೆಯುವುದನ್ನು ಬೇರೆಲ್ಲಿ ಕಾಣಬೇಕು?

ನಮ್ಮ ತೀರ್ಥರೂಪರು ಅರ್ಚಕವೃತ್ತಿಯವರು. ಹರೆಯದಲ್ಲಿ ಹಲವು ವರ್ಷ ದೇವರನ್ನು ಹೊತ್ತವರು. ಅವರು ಹೊಸಬರಿಗೆ ಹೇಳುತ್ತಿದ್ದ ಮಾತೊಂದಿದೆ: ‘ತಲೆಯ ಮೇಲೆ ಇರುವುದು ಯಾರೆಂಬ ಎಚ್ಚರ ತಪ್ಪಿದರೆ ಹೆಜ್ಜೆ ತಪ್ಪುತ್ತದೆ. ಎಚ್ಚರವೊಂದೇ ಇದ್ದರೆ ಕಾಲು ಏಳುವುದೇ ಇಲ್ಲ.’ ಹೆದರಿದವನು ಭಾರ ಹೊತ್ತವನಂತೆ ನಡೆಯುತ್ತಾನೆ. ಮೈಮರೆತವನು ಪ್ರಭಾವಳಿಯನ್ನು ಗೋಪುರದ ಬಾಗಿಲಿಗೆ ತಾಗಿಸುತ್ತಾನೆ. ಎರಡೂ ಕೂಡಿದವನು ಮಾತ್ರ ಬಲಿಯನ್ನು ನೋಡುವಂತೆ ಮಾಡುತ್ತಾನೆ.

ನಾವು ಪಾಠಶಾಲೆಯಲ್ಲಿ ಆಚಾರ್ಯರ ಮಹಾಭಾರತತಾತ್ಪರ್ಯನಿರ್ಣಯದ ಮೊದಲನೆಯ ಅಧ್ಯಾಯವನ್ನು ಓದುವಾಗ ನೆನಪಾದದ್ದು ಇದೇ ಮಾತು. ಶ್ರೀಮದಾಚಾರ್ಯರು (1238–1317) ಅಲ್ಲಿ ಭಕ್ತಿಯ ಲಕ್ಷಣವನ್ನು ಅಪ್ಪಣೆ ಕೊಡಿಸಿರುವ ಕ್ರಮ ಹೀಗಿದೆ: ಭಗವಂತನ ಮಾಹಾತ್ಮ್ಯದ ಜ್ಞಾನ ಮೊದಲು ಇರಬೇಕು, ಆ ಜ್ಞಾನವನ್ನು ಮುಂದಿಟ್ಟುಕೊಂಡು ಹುಟ್ಟಿದ, ಬಲವಾಗಿ ನೆಲೆಗೊಂಡ, ಉಳಿದೆಲ್ಲದರ ಮೇಲಿನದಕ್ಕಿಂತ ಮಿಗಿಲಾದ ಸ್ನೇಹವೇ ಭಕ್ತಿ, ಮುಕ್ತಿಯು ಇದರಿಂದಲೇ, ಬೇರೆ ದಾರಿಯಿಂದ ಅಲ್ಲ. ಟೀಕಾಚಾರ್ಯರಾದ ಶ್ರೀಜಯತೀರ್ಥರು ನ್ಯಾಯಸುಧೆಯಲ್ಲಿ ಇದನ್ನೇ ವಿಸ್ತರಿಸಿ, ತನ್ನ ಮೇಲೂ ತನ್ನವರ ಮೇಲೂ ಇರುವ ಪ್ರೀತಿಗಿಂತ ಅನೇಕ ಪಾಲು ಹೆಚ್ಚಿನದಾದ, ಸಾವಿರ ವಿಘ್ನಗಳು ಬಂದರೂ ತಡೆಯಿಲ್ಲದ ಪ್ರೇಮದ ಪ್ರವಾಹವೆಂದು ವರ್ಣಿಸಿದ್ದಾರೆ.

ಇಲ್ಲಿ ಬಳಸಿರುವ ‘ಸ್ನೇಹ’ ಶಬ್ದವನ್ನು ಸ್ವಲ್ಪ ನಿಂತು ನೋಡಬೇಕು. ಇಂದಿನ ಕನ್ನಡದಲ್ಲಿ ಸ್ನೇಹವೆಂದರೆ ಗೆಳೆತನ. ಸಂಸ್ಕೃತದಲ್ಲಿ ಅದಕ್ಕೆ ಪ್ರೀತಿಯೆಂಬ ಅರ್ಥದಂತೆಯೇ ಎಣ್ಣೆ, ಜಿಡ್ಡು ಎಂಬ ಅರ್ಥವೂ ಇದೆ. ಕೈಗೆ ಅಂಟುವುದು, ಒಣಗಿದ್ದನ್ನು ಮೆದುಗೊಳಿಸುವುದು, ದೀಪದಲ್ಲಿ ಉರಿಯುವುದು ಸ್ನೇಹ. ಭಕ್ತಿಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಭಯವೆನ್ನಲಿಲ್ಲ, ಗೌರವವೆನ್ನಲಿಲ್ಲ, ವಿಧಿಪಾಲನೆಯೆನ್ನಲಿಲ್ಲ. ಅಂಟಿಕೊಳ್ಳುವ ಗುಣವುಳ್ಳ ಈ ಶಬ್ದವನ್ನೇ ಆರಿಸಿಕೊಂಡರು. ನಮ್ಮ ಸಿದ್ಧಾಂತವು ಬರಿಯ ತರ್ಕದ ಸಿದ್ಧಾಂತ, ಇದರಲ್ಲಿ ಆರ್ದ್ರತೆ ಕಡಿಮೆ ಎಂದು ಹೊರಗಿನವರು ಆಡುವುದುಂಟು. ನಮ್ಮವರೇ ಕೆಲವರು ಅದನ್ನು ಹೆಮ್ಮೆಯಿಂದ ಒಪ್ಪುವುದೂ ಉಂಟು. ಲಕ್ಷಣವಾಕ್ಯದ ವಿಶೇಷ್ಯವೇ ಸ್ನೇಹವಾಗಿರುವಾಗ ಈ ಮಾತಿಗೆ ಆಧಾರವೆಲ್ಲಿ? ಮಾಹಾತ್ಮ್ಯಜ್ಞಾನವು ಅದಕ್ಕೆ ವಿಶೇಷಣ. ವಿಶೇಷಣವನ್ನು ಮಾತ್ರ ಹಿಡಿದುಕೊಂಡು ವಿಶೇಷ್ಯವನ್ನು ಬಿಟ್ಟವನು ವಾಕ್ಯವನ್ನೇ ಬಿಟ್ಟಂತೆ.

ಇನ್ನೊಂದು ಅಂಶವನ್ನೂ ಹೇಳಬೇಕು. ‘ಎಲ್ಲದಕ್ಕಿಂತ ಮಿಗಿಲಾದ’ ಎಂಬ ಮಾತಿನಲ್ಲೇ ಉಳಿದವುಗಳ ಮೇಲೆ ಪ್ರೀತಿಯಿದೆ ಎಂಬ ಒಪ್ಪಿಗೆ ಅಡಗಿದೆ. ಮಗನ ಮೇಲೆ, ಮಡದಿಯ ಮೇಲೆ, ತೋಟದ ಸಸಿಯ ಮೇಲೆ ಪ್ರೀತಿಯೇ ಇಲ್ಲದವನಿಗೆ ಯಾವುದಕ್ಕಿಂತ ಮಿಗಿಲೆಂದು ಅಳೆಯಲು ಅಳತೆಯಾದರೂ ಎಲ್ಲಿಂದ ಬರಬೇಕು? ಮನೆಯ ಕೊಂಡಾಟವನ್ನು ಕಿತ್ತೆಸೆಯಿರಿ ಎಂದು ಶಾಸ್ತ್ರ ಹೇಳಲಿಲ್ಲ. ಅದಕ್ಕಿಂತ ಮೇಲಿನದೊಂದು ಇರಲಿ ಎಂದಿತು.

ಈಗ ಭಾಗವತದ ಕಡೆಗೆ ಬರೋಣ. ದಶಮಸ್ಕಂಧದ ಎರಡು ಪ್ರಸಂಗಗಳು ನಮ್ಮ ವಿಚಾರಕ್ಕೆ ಕನ್ನಡಿಯಂತಿವೆ. ಕೃಷ್ಣನು ಮಣ್ಣು ತಿಂದನೆಂದು ಗೆಳೆಯರು ದೂರುತ್ತಾರೆ. ಯಶೋದೆ ಬಾಯಿ ತೆರೆಯಿಸುತ್ತಾಳೆ. ಆ ಪುಟ್ಟ ಬಾಯಿಯಲ್ಲಿ ಲೋಕಗಳೂ ದಿಕ್ಕುಗಳೂ ಗೋಕುಲವೂ ತಾನೂ ಕಾಣಿಸುತ್ತವೆ. ಅವಳು ನಡುಗಿ, ಇವನು ಯಾರೆಂದು ಅರಿತು, ಶರಣಾಗುತ್ತಾಳೆ. ಕಥೆ ಅಲ್ಲಿಗೇ ಮುಗಿದಿದ್ದರೆ ಅದು ಮಾಹಾತ್ಮ್ಯಜ್ಞಾನದ ಕಥೆ ಮಾತ್ರವಾಗುತ್ತಿತ್ತು. ಆದರೆ ಭಗವಂತನು ಅವಳ ಮೇಲೆ ಪುತ್ರಸ್ನೇಹದ ರೂಪವಾದ ತನ್ನ ಮಾಯೆಯನ್ನು ಬೀರುತ್ತಾನೆ. ಅವಳು ಮೊದಲಿನಂತೆ ಅವನನ್ನು ತೊಡೆಗೇರಿಸಿಕೊಳ್ಳುತ್ತಾಳೆ. ಸ್ನೇಹವು ಮಾತ್ರ ಮೊದಲಿಗಿಂತ ಹೆಚ್ಚಿತೆಂದು ಶುಕಮುನಿಗಳು ಹೇಳುತ್ತಾರೆ. ಹಾಗಾದರೆ ಯಶೋದೆಯ ಕೊಂಡಾಟಕ್ಕೆ ಜ್ಞಾನದ ಹಿನ್ನೆಲೆ ಇಲ್ಲವೆ ಎಂದು ಕೇಳುವವರಿಗೆ ಅದೇ ಅಧ್ಯಾಯದ ಕೊನೆಯಲ್ಲಿ ಉತ್ತರವಿದೆ. ಪರೀಕ್ಷಿತನ ಪ್ರಶ್ನೆಗೆ ಶುಕರು, ನಂದನು ಹಿಂದೆ ದ್ರೋಣನೆಂಬ ವಸು, ಯಶೋದೆ ಅವನ ಪತ್ನಿ ಧರೆ, ಹರಿಯಲ್ಲಿ ಪರಮಭಕ್ತಿಯನ್ನು ಬೇಡಿ ಬ್ರಹ್ಮದೇವರಿಂದ ವರ ಪಡೆದವರು ಎಂದು ತಿಳಿಸುತ್ತಾರೆ. ಜ್ಞಾನ ಮೊದಲೇ ಇತ್ತು. ತೊಡೆಯ ಮೇಲಿನ ಕೊಂಡಾಟ ಅದರ ಫಲ.

ಎರಡನೆಯದು ಹಗ್ಗದ ಪ್ರಸಂಗ. ಮೊಸರಿನ ಗಡಿಗೆ ಒಡೆದವನನ್ನು ತಾಯಿ ಒರಳಿಗೆ ಕಟ್ಟಲು ಹೊರಟಳು. ಎಷ್ಟು ಹಗ್ಗ ಸೇರಿಸಿದರೂ ಎರಡು ಅಂಗುಲ ಸಾಲದು. ಅವಳ ಮೈ ಬೆವರಿತು, ಮುಡಿಯ ಹೂವು ಜಾರಿತು. ಅದನ್ನು ಕಂಡು ಕನಿಕರದಿಂದ ಅವನೇ ಕಟ್ಟಿಸಿಕೊಂಡನು. ಕೊಂಡಾಟವೆಂದರೆ ಮಕ್ಕಳನ್ನು ಕೆಡಿಸುವುದೆಂದು ತಿಳಿದವರು ಈ ಕಥೆಯನ್ನು ಗಮನಿಸಬೇಕು. ಯಶೋದೆಯಷ್ಟು ಕೊಂಡಾಟ ಮಾಡಿದ ತಾಯಿ ಇಲ್ಲ. ಕೋಲು ಹಿಡಿದು ಅಟ್ಟಿಸಿಕೊಂಡು ಹೋದವಳೂ ಅವಳೇ. ಕೇಳಿದ್ದನ್ನೆಲ್ಲ ಕೊಡಿಸಿ, ಅತ್ತೊಡನೆ ಕೈಗೆ ಮೊಬೈಲು ಕೊಟ್ಟು ಸುಮ್ಮನಾಗಿಸುವುದನ್ನು ಕೊಂಡಾಟವೆಂದು ಕರೆಯುವುದು ಶಬ್ದಕ್ಕೆ ಮಾಡುವ ಅನ್ಯಾಯ. ಅಲ್ಲಿ ಕೊಂಡವರೂ ಇಲ್ಲ, ಆಡಿಸಿದವರೂ ಇಲ್ಲ. ಆಚಾರ್ಯರು ಉಡುಪಿಯಲ್ಲಿ ಪ್ರತಿಷ್ಠಾಪಿಸಿದ ಶ್ರೀಕೃಷ್ಣಮೂರ್ತಿಯ ಒಂದು ಕೈಯಲ್ಲಿ ಕಡಗೋಲು, ಇನ್ನೊಂದರಲ್ಲಿ ಹಗ್ಗ. ಬಾಲರೂಪವನ್ನು ನೋಡಬೇಕೆಂಬ ರುಕ್ಮಿಣಿಯ ಆಸೆಗಾಗಿ ನಿರ್ಮಾಣವಾದ ಮೂರ್ತಿಯೆಂದು ಸಂಪ್ರದಾಯ. ಸರ್ವೋತ್ತಮನನ್ನು ಸಾಕ್ಷಾತ್ ಬಲ್ಲ ಲಕ್ಷ್ಮೀದೇವಿಗೂ ಮಗುವನ್ನು ಕಾಣುವ ಬಯಕೆ! ತತ್ತ್ವವಾದವನ್ನು ಸ್ಥಾಪಿಸಿದವರು ತಮ್ಮ ಮಠದಲ್ಲಿ ನಿತ್ಯಪೂಜೆಗೆ ನಿಲ್ಲಿಸಿಕೊಂಡದ್ದು ಮೊಸರು ಕಡೆಯುವ ಮನೆಯ ಹುಡುಗನನ್ನು ಎಂಬುದನ್ನು ನಾವು ಎಷ್ಟು ಬಾರಿ ನೆನೆದರೂ ಸಾಲದು. ಪುರಂದರದಾಸರು ಯಶೋದೆಯು ಜಗದೊಡೆಯನನ್ನು ಆಡಿಸಿದ ಪದವನ್ನು ಹಾಡಿದಾಗ ಈ ಎರಡು ತುದಿಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿದರು.

ಇಷ್ಟು ಶಾಸ್ತ್ರವಾಯಿತು. ಇದರಿಂದ ಮನೆಯಲ್ಲಿ ಏನು ಪ್ರಯೋಜನವೆಂದು ಕೇಳುವವರಿಗಾಗಿ ನಾವು ಬಲ್ಲ ಒಂದು ಮನೆಯ ಸಂಗತಿಯನ್ನು ಹೇಳುತ್ತೇವೆ. ಹೆಸರು ಬೇಡ.

ಸುಳ್ಯದಿಂದ ಮುಂದೆ, ಪಯಸ್ವಿನಿಯ ಕಡೆಗೆ ಇಳಿಜಾರಾದ ಒಂದು ತೋಟ. ಆ ಭಾಗದ ಅನೇಕ ತೋಟಗಳಂತೆ ಅದಕ್ಕೂ ಅಡಿಕೆಯ ಹಳದಿ ಎಲೆ ರೋಗ ಬಂದು, ಮರಗಳು ವರ್ಷವರ್ಷಕ್ಕೂ ಸೊರಗಿದವು. ಮಕ್ಕಳು ಬೆಂಗಳೂರಿಗೆ ಹೋದರು. ಹಿರಿಯ ಮಗನೊಬ್ಬನು ಮರಳಿ ಬಂದು ರಬ್ಬರು, ಹೈನು ಎಂದು ಹೇಗೋ ನಡೆಸುತ್ತಿದ್ದಾನೆ. ಯಜಮಾನರು ಎಂಬತ್ತು ದಾಟಿದ ವೃದ್ಧರು, ಬಲು ಶಿಸ್ತಿನವರು. ಗ್ರಾಮದ ಅರ್ಧದಷ್ಟು ಮಕ್ಕಳಿಗೆ ವಿಷ್ಣುಸಹಸ್ರನಾಮ ಬಾಯಿಪಾಠ ಮಾಡಿಸಿದವರು. ಅವರಿಗೆ ಪಕ್ಷವಾತವಾಗಿ ಬಲಭಾಗ ಸೋತಿತು. ಬುದ್ಧಿ ಮಾತುಗಳಿಗೆ ತೊಂದರೆಯಾಗಲಿಲ್ಲ. ಮಗನು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮದ್ದು ಹೊತ್ತಿಗೆ ಸರಿಯಾಗಿ; ನೋಡಿಕೊಳ್ಳಲು ಸಂಬಳಕ್ಕೆ ಒಬ್ಬ ಹೆಣ್ಣುಮಗಳು. ಆಕೆ ಒಳ್ಳೆಯ ಸ್ವಭಾವದವಳು. ಚಮಚದಲ್ಲಿ ಗಂಜಿ ಹಿಡಿದು ‘ಆ ಮಾಡಿ, ಚಿನ್ನ, ಇದೊಂದೇ ತುತ್ತು’ ಎಂದು ಮಗುವಿಗೆ ಹೇಳುವಂತೆ ಹೇಳುತ್ತಿದ್ದಳು. ವೃದ್ಧರು ಗೋಡೆಯ ಕಡೆಗೆ ಮುಖ ತಿರುಗಿಸಿದರು. ಎರಡು ವಾರಗಳಲ್ಲಿ ಅರ್ಧ ಶರೀರವಾದರು. ವೈದ್ಯರು ನಳಿಗೆಯಿಂದ ಆಹಾರ ಕೊಡುವ ಮಾತೆತ್ತಿದರು.

ಮೊಮ್ಮಗಳೊಬ್ಬಳು ಪುತ್ತೂರಿನಲ್ಲಿ ಕಾಲೇಜು ಓದುತ್ತಿದ್ದವಳು ಶನಿವಾರ ಮನೆಗೆ ಬಂದಳು. ಮಂಚದ ಬದಿಯಲ್ಲಿ ಕುಳಿತು, ಅಜ್ಜನ ಸೋತ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಸಹಸ್ರನಾಮದ ಪುಸ್ತಕ ತೆರೆದಳು. ನಾಲ್ಕನೆಯ ಶ್ಲೋಕಕ್ಕೆ ಬರುವಾಗಲೇ ಒಂದು ಮಹಾಪ್ರಾಣ ಅಲ್ಪಪ್ರಾಣವಾಯಿತು. ಗೋಡೆಯ ಕಡೆಗಿದ್ದ ಮುಖ ಈ ಕಡೆಗೆ ಬಂತು. ‘ಏನಂದೆ? ಇನ್ನೊಮ್ಮೆ ಹೇಳು.’ ಅವಳು ಹೇಳಿದಳು, ಅವರು ತಿದ್ದಿದರು, ತಿದ್ದಲು ತೆರೆದ ಬಾಯಿಗೆ ಅವಳು ಗಂಜಿ ಕೊಟ್ಟಳು. ‘ಅಜ್ಜ, ಇದು ದೀರ್ಘವೋ ಹ್ರಸ್ವವೋ?’ ಇನ್ನೊಂದು ಚಮಚ. ಅವಳು ತಪ್ಪಿದ್ದರಲ್ಲಿ ಎಷ್ಟು ತಿಳಿಯದೆ, ಎಷ್ಟು ತಿಳಿದು ಎಂಬುದನ್ನು ನಾವು ವಿಚಾರಿಸಲಿಲ್ಲ. ಬಟ್ಟಲು ಬರಿದಾಯಿತು.

ಈ ಮನೆಯಲ್ಲಿ ಆಚಾರ್ಯರ ಲಕ್ಷಣವಾಕ್ಯವು ಮೂರು ಜನರಲ್ಲಿ ಮೂರು ವಿಧವಾಗಿ ಹಂಚಿಹೋದುದನ್ನು ಓದುಗರು ಕಾಣಬಹುದು. ಆರೈಕೆಯ ಹೆಣ್ಣುಮಗಳಲ್ಲಿ ಸ್ನೇಹವಿತ್ತು, ಆದರೆ ಮಲಗಿರುವವರು ಯಾರೆಂಬ ಅರಿವಿರಲಿಲ್ಲ. ಅದು ಅವಳ ದೋಷವಲ್ಲ, ಯಾರೂ ಅವಳಿಗೆ ಹೇಳಿರಲಿಲ್ಲ. ಮಗನಲ್ಲಿ ಅರಿವು ಪೂರ್ಣವಾಗಿತ್ತು. ತಂದೆಯ ಎದುರು ಅವನು ಈವರೆಗೂ ಕುರ್ಚಿಯಲ್ಲಿ ಕುಳಿತವನಲ್ಲ. ಕೊಂಡಾಟ ಮಾತ್ರ ಇರಲಿಲ್ಲ. ಹುಡುಗಿ ಅಜ್ಜನ ದೊಡ್ಡತನವನ್ನು ಮೊದಲು ಎತ್ತಿ ಹಿಡಿದಳು, ಆಮೇಲೆ ತುತ್ತು ಕೊಟ್ಟಳು. ವೃದ್ಧರನ್ನು ಮಕ್ಕಳಂತೆ ನೋಡಿಕೊಳ್ಳಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನಮಗೆ ಅದು ಪೂರ್ತಿ ಸಮ್ಮತವಲ್ಲ. ಮಗುವಿನ ಮುಂದೆ ಬದುಕು ಇನ್ನೂ ಇದೆ; ಅದಕ್ಕೆ ‘ಚಿನ್ನ’ ಎಂಬ ಹೆಸರು ಸಾಕು. ವೃದ್ಧರು ಎಂಬತ್ತು ವರ್ಷ ಕಟ್ಟಿದ ಹೆಸರನ್ನು ಕಸಿದುಕೊಂಡು ಕೊಂಡಾಟ ಮಾಡಿದರೆ ಅದು ಅವಮಾನವಾಗುತ್ತದೆ.

ಆ ಮಗನ ವಿಷಯದಲ್ಲಿ ಮಾತ್ರ ಇನ್ನೂ ಸ್ವಲ್ಪ ಹೇಳುವುದಿದೆ. ‘ಮಗಳು ಮಾಡಿದ್ದನ್ನು ನೀವೂ ಮಾಡಬಹುದಲ್ಲ’ ಎಂದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, ‘ಅಪ್ಪಯ್ಯನ ಮೈ ಮುಟ್ಟಿ ಗೊತ್ತಿಲ್ಲ’ ಎಂದನು. ಇದು ಅವನೊಬ್ಬನ ಮಾತಲ್ಲ. ನಮ್ಮ ಸಮಾಜದ ಅನೇಕ ಗಂಡಸರಿಗೆ ತಂದೆಯು ಕೊನೆಯದಾಗಿ ಹತ್ತಿರ ಸೆಳೆದುಕೊಂಡದ್ದು ಉಪನಯನದ ದಿನ, ಬ್ರಹ್ಮೋಪದೇಶದ ಹೊತ್ತಿನಲ್ಲಿ, ವಸ್ತ್ರದ ಮರೆಯಲ್ಲಿ. ಕಿವಿಗೆ ತಂದೆಯ ಉಸಿರು ತಾಗಿದ್ದು ಅದೇ ಕಡೆಯ ಬಾರಿ. ಆಮೇಲೆ ಗೌರವ ಬೆಳೆಯಿತು, ದೂರವೂ ಬೆಳೆಯಿತು. ಹೆಣ್ಣುಮಕ್ಕಳಿಗೆ ಮನೆಯಲ್ಲಿ ಕೊಂಡಾಟದ ಭಾಷೆ ಉಳಿದಿದೆ. ಗಂಡಸರು ಅದನ್ನು ಹತ್ತು ಹನ್ನೆರಡನೆಯ ವಯಸ್ಸಿಗೇ ಮರೆತಿದ್ದಾರೆ. ಸಭೆಯಲ್ಲಿ ಹಿರಿಯರಿಗೆ ಶಾಲು ಹೊದಿಸಿ, ಹಾರ ಹಾಕಿ, ಮಾನಪತ್ರ ಓದಿ ಕೊಂಡಾಡುತ್ತೇವೆ. ಅದೇ ಹಿರಿಯರು ಮನೆಗೆ ಹೋಗಿ ಕತ್ತಲೆಯ ಕೋಣೆಯಲ್ಲಿ ಒಬ್ಬರೇ ಮಲಗುತ್ತಾರೆ. ಘಟ್ಟದ ಮೇಲಿನ ಅರ್ಥವನ್ನು ಪಾಲಿಸಿ ನಮ್ಮೂರಿನ ಅರ್ಥವನ್ನು ಬಿಟ್ಟಂತಾಯಿತು.

ಆದರೆ ಧರ್ಮವು ಒಂದು ಸ್ಪರ್ಶವನ್ನು ಇನ್ನೂ ಉಳಿಸಿಕೊಟ್ಟಿದೆ: ಅಭಿವಾದನದಲ್ಲಿ ಪಾದವನ್ನು ಮುಟ್ಟುವುದು. ಪ್ರಹ್ಲಾದರಾಯರು ಹೇಳಿದ ನವವಿಧ ಭಕ್ತಿಯಲ್ಲಿ ಪಾದಸೇವನವೂ ಒಂದಲ್ಲವೆ? ಮುಖಕ್ಕೆ ಮುಖ ಕೊಟ್ಟು ಮಾತನಾಡಲಾಗದ ಮಗನಿಗೂ ಕಾಲಿನ ಬಳಿ ಕುಳಿತುಕೊಳ್ಳಲು ಸಂಕೋಚವಿರದು. ಅಲ್ಲಿ ಗೌರವವೂ ಸ್ನೇಹವೂ ಒಂದೇ ಸ್ಥಳದಲ್ಲಿ ಸೇರುತ್ತವೆ. ಈಗ ಅವನು ರಾತ್ರಿ ಹಾಲು ಕರೆದು ಕೊಟ್ಟು ಬಂದ ಮೇಲೆ ತೆಂಗಿನೆಣ್ಣೆಯನ್ನು ಬೆಚ್ಚಗೆ ಮಾಡಿಕೊಂಡು ತಂದೆಯ ಕಾಲು ನೀವುತ್ತಾನೆ. ಮಾತು ಬಹಳ ನಡೆಯುವುದಿಲ್ಲ. ತೋಟದಲ್ಲಿ ಯಾವ ಮರ ಬಿತ್ತು, ಯಾವ ದನ ಗಬ್ಬವಾಯಿತು, ಇಷ್ಟೇ.

ದೇವರ ಪೂಜೆಯಲ್ಲಿಯೂ ಇದೇ ಕ್ರಮವೆಂಬುದನ್ನು ನಿತ್ಯ ಪೂಜೆ ಮಾಡುವವರು ಬಲ್ಲರು. ಮೊದಲು ಧ್ಯಾನ, ನ್ಯಾಸ, ಆವಾಹನ. ಯಾರ ಮುಂದೆ ಕುಳಿತಿದ್ದೇವೆಂಬುದನ್ನು ಗಟ್ಟಿಮಾಡಿಕೊಳ್ಳುವುದು. ಆಮೇಲೆ ನೀರೆರೆಯುವುದು, ಒರೆಸುವುದು, ಗಂಧ ತೊಡೆಯುವುದು, ಹೂವು ಮುಡಿಸುವುದು, ಉಣಿಸುವುದು. ಮೊದಲಿನ ಭಾಗವನ್ನು ಬಿಟ್ಟು ಎರಡನೆಯದನ್ನು ಮಾತ್ರ ಹಿಡಿದವರು ಈಗ ಹೆಚ್ಚುತ್ತಿದ್ದಾರೆ. ಮಗುವಿಗೆ ನವಿಲುಗರಿ ಕಟ್ಟಿ ಚಿತ್ರ ತೆಗೆದು ಎಲ್ಲರಿಗೂ ಕಳುಹಿಸಿದರೆ ಅಷ್ಟಮಿ ಮುಗಿಯಿತು. ಮಗುವಿಗೆ ವೇಷ ಹಾಕುವುದು ತಪ್ಪಲ್ಲ, ನೋಡಲು ಚೆಂದವೇ. ವೇಷ ಯಾರದೆಂದು ಆ ಮಗುವಿಗೆ ಒಂದು ಕಥೆಯನ್ನಾದರೂ ಹೇಳಿರಬೇಕು. ಇನ್ನೊಂದು ಕಡೆ, ಅರ್ಚಕವರ್ಗದ ನಮ್ಮಲ್ಲಿ ಮಂತ್ರಗಳು ತಪ್ಪದಿದ್ದರೂ, ಅಭಿಷೇಕದ ನೀರು ಎಷ್ಟು ತಣ್ಣಗಿದೆಯೆಂದು ಕೈಯಿಟ್ಟು ನೋಡುವವರು ಕಡಿಮೆಯಾಗುತ್ತಿದ್ದಾರೆ. ಮಾಗಿಯ ಚಳಿಯಲ್ಲಿ ದೇವರಿಗೆ ನೀರನ್ನು ಕೊಂಚ ಬೆಚ್ಚಗೆ ಮಾಡುವ ಅರ್ಚಕರನ್ನು ನಾವು ಕಡಬದ ಕಡೆಯ ಒಂದು ಚಿಕ್ಕ ಗುಡಿಯಲ್ಲಿ ಕಂಡಿದ್ದೇವೆ. ಪರಬ್ರಹ್ಮನಿಗೆ ಚಳಿಯೆಲ್ಲಿಂದ ಎಂದು ಯಾರೋ ಕೇಳಿದಾಗ, ‘ಚಳಿ ನನಗೆ; ಅವನಿಗೂ ಆದೀತೆಂದು ತೋರಿತು’ ಎಂದರಂತೆ.

ಇನ್ನು ಅಷ್ಟಮಿಯ ರಾತ್ರಿಯ ಬಗ್ಗೆ ಒಂದು ವಿಜ್ಞಾಪನೆ. ನಮ್ಮಲ್ಲಿ ಅದು ಮಳೆಗಾಲದ ರಾತ್ರಿ. ಕುಮಾರಧಾರೆಯ ಸೀಮೆಯಲ್ಲಿ ಆ ದಿನ ಚಂದ್ರನು ಮೋಡ ಸರಿಸಿ ಕಾಣಿಸಿಕೊಳ್ಳುವುದು ಯಾವಾಗಲೋ ಒಮ್ಮೆ. ಪಂಚಾಂಗದ ಹೊತ್ತು ನೋಡಿಯೇ ಅರ್ಘ್ಯ ಕೊಡಬೇಕಾಗುತ್ತದೆ. ಉಪವಾಸವಿದ್ದು, ನಡುರಾತ್ರಿಯವರೆಗೆ ಒದ್ದೆ ಅಂಗಳದಲ್ಲಿ ಕಾದು ನಿಂತ ತಾಯಂದಿರು ಅರ್ಘ್ಯದ ಅನಂತರ ತೊಟ್ಟಿಲಿನ ಬಳಿಗೆ ಬರುತ್ತಾರೆ. ಆಗ ಸ್ವಯಂಸೇವಕರು ‘ಬೇಗ, ಬೇಗ, ಮುಂದೆ ಹೋಗಿ’ ಎಂದು ಅವಸರಪಡಿಸುವುದು ಅನೇಕ ಕಡೆ ರೂಢಿಯಾಗಿದೆ. ಪ್ರಸಾದದ ಉಂಡೆ ಚಕ್ಕುಲಿಗಳನ್ನು ಹಂಚುವ ಅವಸರ ನಮಗೂ ತಿಳಿದಿದೆ. ಆದರೂ ಈ ವರ್ಷ ಪ್ರತಿಯೊಬ್ಬರಿಗೂ ತ್ರಿವಿಕ್ರಮನಾದವನ ತೊಟ್ಟಿಲನ್ನು ಮೂರು ಸಲ ತೂಗುವಷ್ಟು ಹೊತ್ತು ಕೊಡಬೇಕೆಂದೂ, ಸರತಿಯಲ್ಲಿ ನಿಲ್ಲಲಾರದ ವೃದ್ಧರಿಗೆ ತೊಟ್ಟಿಲಿನ ಹಗ್ಗದ ಒಂದು ತುದಿಯನ್ನು ಅವರು ಕುಳಿತ ಜಗಲಿಯವರೆಗೆ ಉದ್ದವಾಗಿ ಕಟ್ಟಿಕೊಡಬೇಕೆಂದೂ ದೇವಾಲಯಗಳ ಆಡಳಿತದವರಲ್ಲಿ ಸವಿನಯವಾಗಿ ಪ್ರಾರ್ಥಿಸುತ್ತೇವೆ. ಹಗ್ಗ ಸಾಲದೆ ಹೋದರೆ ಇನ್ನೊಂದನ್ನು ಸೇರಿಸಿದರಾಯಿತು.

॥ ಶ್ರೀಕೃಷ್ಣಾರ್ಪಣಮಸ್ತು ॥